ಗೆಲ್ಲದ ಪಕ್ಷದ ಕೆಲಸ

ಕೇಳುಗರೇ, ನಮಸ್ಕಾರ.

ಅಮೆರಿಕದಲ್ಲಿ ಇರುವುದು ಎರಡೇ ಪಕ್ಷ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ರಿಪಬ್ಲಿಕನ್ನರು, ಡೆಮಾಕ್ರಟರ ಜೊತೆಗೆ ಲಿಬರ್ಟೇರಿಯನ್, ಗ್ರೀನ್ ಮೊದಲಾದ ಪಕ್ಷಗಳೂ ಕಣದಲ್ಲಿರುತ್ತವೆ. ಅಧ್ಯಕ್ಷ ಪದವಿಯನ್ನು ಅವು ಗೆಲ್ಲುವುದಿಲ್ಲ, ಅಷ್ಟೆ. ಗೆಲ್ಲದ ಪಕ್ಷ ಯಾಕೆ ಬೇಕು ಎನ್ನುವವರಿಗೆ ನನ್ನ ಉತ್ತರ ಒಂದೇ: ಮೂರನೆಯ ಪಕ್ಷದ ಕೆಲಸ ಕುರ್ಚಿ ಹಿಡಿಯುವುದಲ್ಲ. ದೊಡ್ಡ ಪಕ್ಷಗಳು ಮುಟ್ಟಲು ಅಂಜುವ ಬೇಡಿಕೆಯನ್ನು ಅವುಗಳ ಕೈಗೇ ಹಿಡಿಸುವುದು.

ಗೆಲ್ಲುವುದು ಯಾಕೆ ಕಷ್ಟ? ಅಧ್ಯಕ್ಷರನ್ನು ಆರಿಸುವುದು ನೇರವಾಗಿ ಜನರ ಮತವಲ್ಲ, ರಾಜ್ಯಗಳಿಗೆ ಹಂಚಿದ 538 ಪ್ರತಿನಿಧಿ ಮತಗಳು. 270 ಸಿಕ್ಕವರು ಗೆದ್ದಂತೆ. 48 ರಾಜ್ಯಗಳಲ್ಲಿ ಮೊದಲು ಬಂದವರಿಗೆ ರಾಜ್ಯದ ಅಷ್ಟೂ ಮತ, ಎರಡನೆಯವರಿಗೆ ಏನೂ ಇಲ್ಲ. 1992ರಲ್ಲಿ ಯಾವ ಪಕ್ಷಕ್ಕೂ ಸೇರದೆ ನಿಂತ ರಾಸ್ ಪೆರೋ ಅವರಿಗೆ ದೇಶದಲ್ಲಿ ಶೇಕಡಾ 19ರಷ್ಟು ಜನ ಮತ ಹಾಕಿದರು. ಸಿಕ್ಕ ಪ್ರತಿನಿಧಿ ಮತ ಸೊನ್ನೆ! ಬೆಂಬಲ ಎಲ್ಲ ಕಡೆ ಹರಡಿತ್ತು, ಯಾವ ರಾಜ್ಯದಲ್ಲೂ ಮೊದಲ ಸ್ಥಾನ ಬರಲಿಲ್ಲ. 1968ರಲ್ಲಿ ಮೂರನೆಯ ಪಕ್ಷದಿಂದ ನಿಂತ ಜಾರ್ಜ್ ವಾಲೇಸ್‌ಗೆ ಬಂದದ್ದು ಶೇಕಡಾ 13.5 ಮಾತ್ರ, ಆದರೆ ಅದು ದಕ್ಷಿಣದಲ್ಲಿ ಒತ್ತಾಗಿದ್ದುದರಿಂದ ಐದು ರಾಜ್ಯ ಗೆದ್ದು 46 ಪ್ರತಿನಿಧಿ ಮತ ಪಡೆದರು.

ಈಗ ಪಾಪ್ಯುಲಿಸ್ಟ್ ಎಂಬ ರೈತರ ಪಕ್ಷದ ಕಥೆ ಹೇಳಲೇಬೇಕು, ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿನ ಗೋಧಿ, ಹತ್ತಿ ಬೆಳೆಗಾರರು ಸಾಲದಲ್ಲಿ ಮುಳುಗಿದ್ದರು. ಬೆಳೆಗೆ ಬೆಲೆ ಇಳಿಯುತ್ತಿತ್ತು, ರೈಲು ಕಂಪನಿಗಳು ಸಾಗಣೆಗೆ ಹೇಳಿದ್ದೇ ದರ. ಎರಡೂ ಪಕ್ಷ ಕಿವಿಗೊಡಲಿಲ್ಲ. 1892ರ ಜುಲೈನಲ್ಲಿ ಒಮಾಹಾ ನಗರದಲ್ಲಿ ಈ ಪಕ್ಷದ ಸಮಾವೇಶಕ್ಕೆ ಸೇರಿದ ರೈತರು, ಕಾರ್ಮಿಕರು ಬೇಡಿಕೆಗಳ ಪಟ್ಟಿ ಬರೆದರು: ಹೆಚ್ಚು ಆದಾಯದವರಿಗೆ ಹೆಚ್ಚು ದರದ ತೆರಿಗೆ ಬೇಕು. ಸಂಸತ್ತಿನ ಮೇಲ್ಮನೆಯ ಸದಸ್ಯರಾದ ಸೆನೆಟರ್‌ಗಳನ್ನು ರಾಜ್ಯ ಶಾಸನಸಭೆಗಳಲ್ಲ, ಜನರೇ ಆರಿಸಬೇಕು. ಮತದಾನ ಗುಪ್ತವಾಗಿರಬೇಕು. ರೈಲು ಸರ್ಕಾರದ್ದಾಗಬೇಕು. ಅಂದಿಗೆ ಇವು ಹುಚ್ಚು ಮಾತುಗಳು. ಅವರ ಅಭ್ಯರ್ಥಿ ಜೇಮ್ಸ್ ವೀವರ್‌ಗೆ ಹತ್ತು ಲಕ್ಷ ದಾಟಿ ಮತ ಬಿತ್ತು, 22 ಪ್ರತಿನಿಧಿ ಮತ ಬಂತು. ಸೋತರು, ನಿಜ. ಆದರೆ ದೊಡ್ಡ ಪಕ್ಷದವರು ಆ ಹತ್ತು ಲಕ್ಷವನ್ನು ಎಣಿಸಿಕೊಂಡರು! 1896ರಲ್ಲಿ ಡೆಮಾಕ್ರಟರು ರೈತರ ಪರ ಮಾತಾಡುವ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನು ನಿಲ್ಲಿಸಿದರು, ಪಾಪ್ಯುಲಿಸ್ಟರೂ ಅವರನ್ನೇ ಬೆಂಬಲಿಸಿದರು. ಬ್ರಯನ್ ಸೋತರು, ಪಕ್ಷವೂ ಕರಗಿತು. ಬೇಡಿಕೆ ಕರಗಲಿಲ್ಲ. 1913ರಲ್ಲಿ ಸಂವಿಧಾನಕ್ಕೆ ಎರಡು ತಿದ್ದುಪಡಿ ಬಂದವು: 16ನೆಯದು ಆದಾಯ ತೆರಿಗೆಗೆ ದಾರಿ ಮಾಡಿತು, 17ನೆಯದು ಸೆನೆಟರ್‌ಗಳ ಆಯ್ಕೆಯನ್ನು ಜನರ ಕೈಗೆ ಕೊಟ್ಟಿತು. ರೈಲು ಮಾತ್ರ ಅವರು ಕೇಳಿದಂತೆ ಪೂರ್ತಿ ಸರ್ಕಾರದ್ದಾಗಲಿಲ್ಲ. ಆದರೂ ಸೋತ ಪಕ್ಷವೊಂದರ ಬೇಡಿಕೆಗಳು ಸಂವಿಧಾನ ಸೇರಿದವಲ್ಲ! ಇದನ್ನು ವ್ಯರ್ಥ ಎನ್ನುವವರ ಜೊತೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ದೊಡ್ಡ ಪಕ್ಷಗಳು ಕಿವಿಗೊಡುವುದು ಭಯದಿಂದ. 2000ದಲ್ಲಿ ಫ್ಲಾರಿಡಾದಲ್ಲಿ ರಿಪಬ್ಲಿಕನ್ನರ ಬುಷ್ ಡೆಮಾಕ್ರಟರೆದುರು ಗೆದ್ದದ್ದು 537 ಮತಗಳಿಂದ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಬಿದ್ದದ್ದು 97 ಸಾವಿರಕ್ಕೂ ಹೆಚ್ಚು; ಅದರಲ್ಲಿ ಒಂದು ಪಾಲು ಡೆಮಾಕ್ರಟರಿಗೆ ಹೋಗಿದ್ದರೆ ಫಲಿತಾಂಶವೇ ಬದಲಾಗಬಹುದಿತ್ತು. ಮತ ಒಡೆಯುವ ಈ ತೊಂದರೆಗೆ ಮೇನ್ ರಾಜ್ಯ 2018ರಿಂದ ಸಂಸತ್ತಿನ ಚುನಾವಣೆಗಳಲ್ಲಿ ಬೇರೆ ಎಣಿಕೆ ಬಳಸುತ್ತಿದೆ. ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಎಂದು ಕ್ರಮ ಕೊಡುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಆಯ್ಕೆಗೆ ಸೇರಿಸಿ ಮತ್ತೆ ಎಣಿಸುತ್ತಾರೆ. ಮುಂದಿನ ಆಯ್ಕೆ ಬರೆಯದೆ ಬಿಟ್ಟ ಮತಪತ್ರ ಅಲ್ಲಿಗೇ ಎಣಿಕೆಯಿಂದ ಹೊರಬೀಳುತ್ತದೆ, ಹಾಗಾಗಿ ಅಲ್ಲಿನ ಸಣ್ಣ ಪಕ್ಷಗಳ ಬೆಂಬಲಿಗರು ಎರಡನೆಯ ಹೆಸರನ್ನೂ ತಪ್ಪದೆ ತುಂಬಬೇಕು.

ಕೇಳಿದ್ದಕ್ಕೆ ವಂದನೆಗಳು.