ಎರಡು ಗಾಜಿನ ತೊಟ್ಟಿಲುಗಳ ನಡುವೆ

ಕೇಳುಗರಿಗೆ ನಮಸ್ಕಾರ.

ನಮ್ಮ ಅವಳಿ ಮಕ್ಕಳು ಗರ್ಭದ 29ನೆಯ ವಾರದಲ್ಲಿ ಹುಟ್ಟಿದರು. ಮಗಳ ತೂಕ 1,180 ಗ್ರಾಂ, ಅವಳ ಹಿಂದೆಯೇ ಬಂದ ಮಗನ ತೂಕ 960 ಗ್ರಾಂ. ಶಸ್ತ್ರಚಿಕಿತ್ಸೆಯಾಗಿದ್ದ ನನ್ನ ಹೆಂಡತಿ ಬೇರೊಂದು ಮಹಡಿಯಲ್ಲಿ ಮಲಗಿದ್ದುದರಿಂದ, ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲನ್ನು ಮೊದಲು ದಾಟಿದವನು ನಾನು. ಮೊಣಕೈಯವರೆಗೆ ಕೈ ತೊಳೆದುಕೊಂಡು ಒಳಗೆ ಹೋಗಿ, ಎರಡು ಇನ್‌ಕ್ಯುಬೇಟರ್‌ಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ನಿಂತಾಗ, ಯಾವ ಕಡೆಗೆ ಮೊದಲು ತಿರುಗಬೇಕೆಂಬುದೇ ನನಗೆ ತಿಳಿಯಲಿಲ್ಲ. ಒಬ್ಬರ ಕಡೆ ಮುಖ ಮಾಡಿದರೆ ಇನ್ನೊಬ್ಬರಿಗೆ ಬೆನ್ನು ತೋರಿಸಿದಂತಾಗುತ್ತಿತ್ತು. ಈ ಹೊತ್ತು ನಾನು ಆಡಲಿರುವ ಮಾತು ಆ ಜಾಗದಲ್ಲಿ ಕಲಿತದ್ದು.

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಅವಳಿಗಳಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಕ್ಕಳು ಹೀಗೆಯೇ ಹುಟ್ಟುತ್ತಾರೆಂದು ವೈದ್ಯರು ಹೇಳಿದ ಮೇಲೂ ನನ್ನ ಹೆಂಡತಿ, ತಾನು ಮೆಟ್ಟಿಲು ಹತ್ತಿದ್ದರಿಂದಲೋ ರಾತ್ರಿ ನಿದ್ದೆಗೆಟ್ಟದ್ದರಿಂದಲೋ ಹೀಗಾಯಿತೆಂದು ಬಹಳ ದಿನ ತನ್ನನ್ನೇ ಹಳಿದುಕೊಂಡಳು. ಅಂಥ ತಾಯಂದಿರು ಯಾರಾದರೂ ಈಗ ಕೇಳುತ್ತಿದ್ದರೆ, ಅದು ನಿಮ್ಮ ತಪ್ಪಲ್ಲ ಎಂದು ನಾನು ಕೈಮುಗಿದು ಹೇಳುತ್ತೇನೆ.

ಮೊದಲ ಪ್ರಶ್ನೆ ಉಸಿರಿನದು. ಉಸಿರು ಬಿಟ್ಟಾಗ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಕುಸಿದು ಮುಚ್ಚಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟಂಟ್ ಎಂಬ ವಸ್ತು ಇಷ್ಟು ಬೇಗ ಹುಟ್ಟಿದ ಮಕ್ಕಳಲ್ಲಿ ಸಾಕಷ್ಟು ಇರುವುದಿಲ್ಲ. ಈ ಕೊರತೆಯನ್ನು ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿಕೊಟ್ಟರು. ಆದರೆ ಕಾರಣ ತಿಳಿದ ಮಾತ್ರಕ್ಕೆ ಔಷಧ ಸಿಗಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್, ಎರಡು ಕಿಲೋಗಿಂತ ಹೆಚ್ಚು ತೂಗುತ್ತಿದ್ದರೂ, ಇದೇ ತೊಂದರೆಯಿಂದ ಎರಡು ದಿನ ತುಂಬುವ ಮುನ್ನ ತೀರಿಕೊಂಡ. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರ ಮತ್ತು ಅವರ ಸಂಗಡಿಗರು ಹೊರಗಿನಿಂದ ಸರ್ಫ್ಯಾಕ್ಟಂಟ್ ಕೊಟ್ಟು ಶಿಶುಗಳನ್ನು ಉಳಿಸಿದ ವರದಿ ಬಂತು. ಪ್ಯಾಟ್ರಿಕ್‌ನ ಅರ್ಧದಷ್ಟೂ ತೂಕವಿಲ್ಲದ ನನ್ನ ಮಗನ ಎದೆ ಏರಿಳಿಯುವುದನ್ನು ನೋಡುವಾಗಲೆಲ್ಲ, ಮುಖ ಕಾಣದ ಆ ಜನರನ್ನು ನಾನು ನೆನೆಯುತ್ತಿದ್ದೆ.

ಅವಳಿಗಳ ತಂದೆತಾಯಿಗೆ ಮಾತ್ರ ಬರುವ ಒಂದು ಸಂಕಟವಿದೆ. ಅದು ಹೋಲಿಕೆ. ಮಗಳ ತೂಕ ಒಂದೇ ದಿನದಲ್ಲಿ 20 ಗ್ರಾಂ ಏರಿತೆಂದು ಹಿಗ್ಗುವಷ್ಟರಲ್ಲಿ ಮಗನದು 10 ಗ್ರಾಂ ಇಳಿದಿರುತ್ತಿತ್ತು. ಅವಳ ಉಸಿರಿನ ಕೊಳವೆ ತೆಗೆದ ದಿನವೇ ಅವನಿಗೆ ಸೋಂಕಿನ ಅನುಮಾನವೆಂದು ಹಾಲು ನಿಲ್ಲಿಸಿದ್ದರು. ಹಿಗ್ಗಿದರೆ ಅವನಿಗೆ ದ್ರೋಹ ಮಾಡಿದಂತೆ, ಅತ್ತರೆ ಅವಳ ಗೆಲುವನ್ನು ಕಡೆಗಣಿಸಿದಂತೆ ನಮಗೆ ಅನ್ನಿಸುತ್ತಿತ್ತು. ರಾತ್ರಿ ಪಾಳಿಯ ಹಿರಿಯ ಸಿಸ್ಟರ್ ಒಬ್ಬರು ಒಂದು ದಿನ, “ಸರ್, ಇವನ ಇವತ್ತನ್ನು ಇವನ ನಿನ್ನೆಯ ಜೊತೆ ಇಟ್ಟು ನೋಡಿ, ಅಕ್ಕನ ಜೊತೆ ಇಡಬೇಡಿ” ಎಂದರು. ಮರುದಿನವೇ ನಾನು ಎರಡು ಪುಸ್ತಕಗಳನ್ನು ತಂದೆ, ಒಬ್ಬೊಬ್ಬರಿಗೆ ಒಂದೊಂದು. ತೂಕ, ಹಾಲಿನ ಅಳತೆ, ಆಮ್ಲಜನಕದ ಪ್ರಮಾಣ, ವೈದ್ಯರನ್ನು ಕೇಳಬೇಕಾದ ಪ್ರಶ್ನೆ, ಎಲ್ಲವನ್ನೂ ಅವರವರ ಪುಸ್ತಕದಲ್ಲೇ ಬರೆಯತೊಡಗಿದೆವು. “ಮಕ್ಕಳು ಹೇಗಿದ್ದಾರೆ?” ಎಂದು ಕೇಳುವುದನ್ನು ಬಿಟ್ಟು, “ಮಗಳು ಹೇಗಿದ್ದಾಳೆ?”, “ಮಗ ಹೇಗಿದ್ದಾನೆ?” ಎಂದು ಬೇರೆಬೇರೆಯಾಗಿ ಕೇಳತೊಡಗಿದೆವು, ಉತ್ತರಗಳೂ ಆಗ ಹೆಚ್ಚು ಸ್ಪಷ್ಟವಾಗಿ ಸಿಗತೊಡಗಿದವು.

ಹಾಲಿನಲ್ಲಿಯೂ ಇದೇ ಲೆಕ್ಕ. ನನ್ನ ಹೆಂಡತಿ ಹಗಲು ರಾತ್ರಿ ಸೇರಿ ದಿನಕ್ಕೆ ಎಂಟು ಸಲ ಹಾಲು ಹಿಂಡಿ ಕೊಡುತ್ತಿದ್ದಳು, ನಾನು ಅದನ್ನು ಮಹಡಿಯಿಂದ ಮಹಡಿಗೆ ಒಯ್ಯುತ್ತಿದ್ದೆ. ಮೊದಲ ದಿನಗಳಲ್ಲಿ ಕೊಳವೆಯ ಮೂಲಕ ಒಂದೊಂದು ಮಿಲಿಲೀಟರ್ ಮಾತ್ರ ಒಳಗೆ ಹೋಗುತ್ತಿತ್ತು, ಏಕೆಂದರೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಶಿಶುಗಳಿಗೆ ಸುಮಾರು 34ನೆಯ ವಾರದ ಹೊತ್ತಿಗೆ ಬರುತ್ತದೆ. ಚಿಕ್ಕವನಿಗೆ ಹೆಚ್ಚು ಪಾಲು ಕೊಡಬೇಕೆಂದು ಅವಳ ಆಸೆ. ತೂಕಕ್ಕೆ ತಕ್ಕಂತೆ, ಕರುಳು ತಡೆದುಕೊಳ್ಳುವಷ್ಟೇ ಕೊಡಬೇಕೆಂದು ವೈದ್ಯರು ತಾಳ್ಮೆಯಿಂದ ಬಿಡಿಸಿ ಹೇಳಿದರು.

ಮಾನಿಟರ್‌ನ ಅಲಾರಂ ಕೂಗಿದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಇಂಥ ಮಕ್ಕಳು ಕೆಲವೊಮ್ಮೆ 20 ಸೆಕೆಂಡಿಗೂ ಹೆಚ್ಚು ಕಾಲ ಉಸಿರಾಡುವುದನ್ನೇ ಮರೆಯುತ್ತಾರೆ. ಅದಕ್ಕೆ ಕೆಫೀನ್ ಕೊಡುತ್ತಾರೆ, ಅಂಗಾಲನ್ನು ಮೆಲ್ಲಗೆ ಉಜ್ಜಿ ನೆನಪಿಸುತ್ತಾರೆ. ಪರದೆಗಿಂತ ಮೊದಲು ಮಗುವಿನ ಮುಖ ನೋಡಬೇಕೆಂಬುದನ್ನೂ ನನಗೆ ಸಿಸ್ಟರ್‌ಗಳೇ ಕಲಿಸಿದರು.

ಆ ದಿನಗಳಲ್ಲಿ ನಮ್ಮನ್ನು ತಂದೆತಾಯಿಯಾಗಿಸಿದ್ದು ಕಾಂಗರೂ ಆರೈಕೆ. ಇನ್‌ಕ್ಯುಬೇಟರ್‌ಗಳ ಕೊರತೆಯಿದ್ದ ಕೊಲಂಬಿಯಾದ ಬೊಗೋಟಾ ನಗರದಲ್ಲಿ ವೈದ್ಯ ಎಡ್ಗರ್ ರೇ ಸನಾಬ್ರಿಯಾ 1978ರಲ್ಲಿ ಇದನ್ನು ಆರಂಭಿಸಿದರು: ಮಗುವನ್ನು ತಾಯಿಯ ಬರಿಯ ಎದೆಗೆ ಒರಗಿಸಿ, ಮೈಯ ಬಿಸಿಯಿಂದಲೇ ಕಾಪಾಡುವುದು. ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟೂ ಹೆಚ್ಚು ಹೊತ್ತು ಹೀಗೆ ಇರಿಸಿಕೊಳ್ಳಬೇಕೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಅವಳಿಗಳಿದ್ದಲ್ಲಿ ತಂದೆಯ ಎದೆಯೂ ಬೇಕಾಗುತ್ತದೆ, ಹೀಗಾಗಿ ಅದು ನನ್ನ ಪಾಲಿಗೂ ಬಂತು. ಮಗನನ್ನು ಹೊರತೆಗೆಯಲಾಗದ ದಿನಗಳಲ್ಲಿ ಒಂದು ಅಂಗೈಯನ್ನು ಅವನ ತಲೆಯ ಮೇಲೂ ಇನ್ನೊಂದನ್ನು ಮಡಚಿದ ಕಾಲುಗಳ ಮೇಲೂ ಕದಲದಂತೆ ಇಟ್ಟುಕೊಂಡು ನಿಲ್ಲುತ್ತಿದ್ದೆ. ಸವರಬಾರದು, ಸವರಿದರೆ ಆ ಎಳೆಯ ಚರ್ಮಕ್ಕೂ ನರಗಳಿಗೂ ಅದು ಕಿರುಕುಳವಾಗುತ್ತದೆ. ಸುಮ್ಮನೆ ಇಟ್ಟ ಕೈಯ ಕೆಳಗೆ ಅವನ ಹೃದಯದ ಬಡಿತ ನಿಧಾನವಾಗುವುದನ್ನು ಪರದೆಯ ಮೇಲೆ ಕಂಡ ದಿನ, ನಾನು ಇಲ್ಲಿ ಬರಿಯ ನೋಡುಗನಲ್ಲ ಎಂಬ ಧೈರ್ಯ ಬಂತು.

ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಮುಗಿಸಿಕೊಂಡು 52ನೆಯ ದಿನ ಮಗಳು ಮನೆಗೆ ಬಂದಳು. ಮಗ ಬಂದದ್ದು 71ನೆಯ ದಿನ. ನಡುವಿನ ಆ 19 ದಿನಗಳೇ ಎಲ್ಲಕ್ಕಿಂತ ಕಷ್ಟದ ದಿನಗಳೆಂದರೆ ನಂಬುವುದು ಕಷ್ಟ. ಒಬ್ಬಳು ಮನೆಯ ತೊಟ್ಟಿಲಲ್ಲಿ, ಒಬ್ಬ ಆಸ್ಪತ್ರೆಯಲ್ಲಿ, ನಾವಿಬ್ಬರೂ ಒಟ್ಟಿಗೆ ಎಲ್ಲಿಯೂ ಇಲ್ಲ.

ಇಂಥ ಮಕ್ಕಳ ಬೆಳವಣಿಗೆಯನ್ನು ಅಳೆಯುವಾಗ, ಮೊದಲೇ ಹುಟ್ಟಿದಷ್ಟು ವಾರಗಳನ್ನು ಎರಡು ವರ್ಷದವರೆಗೂ ವಯಸ್ಸಿನಿಂದ ಕಳೆಯಬೇಕು. ಪೂರ್ಣಾವಧಿಯ 40 ವಾರಗಳಿಂದ 29 ಕಳೆದರೆ, ನಮ್ಮ ಲೆಕ್ಕದಲ್ಲಿ ಅದು 11 ವಾರ. ಹಾಗಾಗಿ ಹುಟ್ಟಿ ನಾಲ್ಕು ತಿಂಗಳಾದ ಮೇಲೆ ಮಗಳು ಮುಖ ನೋಡಿ ಮೊದಲ ಸಲ ನಕ್ಕಾಗ ನಮಗೆ ತಡವೆನ್ನಿಸಲಿಲ್ಲ. ಒಂಬತ್ತು ದಿನಗಳ ನಂತರ ಮಗನೂ ನಕ್ಕ. ಎರಡೂ ದಿನಾಂಕಗಳನ್ನು ಅವರವರ ಪುಸ್ತಕದಲ್ಲಿ ಬರೆದಿಟ್ಟೆವು.