ಮುನ್ನ, ನೋಡೆ ನೋಡೆ, ಆಮೇಲೆ

ಕೇಳುಗರಿಗೆ ನಮಸ್ಕಾರ.

ಮೊದಲು ಬಸವಣ್ಣನವರ ಒಂದು ವಚನ ಓದುತ್ತೇನೆ. ಅರ್ಥಕ್ಕೆ ಆಮೇಲೆ ಬರೋಣ. ಸದ್ಯಕ್ಕೆ ‘ಮುನ್ನ’ ಎಂಬ ಒಂದೇ ಮಾತಿನ ಮೇಲೆ ಕಿವಿಯಿಡಿ. ಅದು ಎಷ್ಟು ಸಲ ಬರುತ್ತದೆ, ಎಷ್ಟೆಷ್ಟು ಹೊತ್ತಿಗೊಮ್ಮೆ ಬರುತ್ತದೆ, ಅಷ್ಟನ್ನೇ ಗಮನಿಸಿ.

ನೆರೆ ಕೆನ್ನೆಗೆ, ತೆರೆ ಗಲ್ಲಕೆ, ಶರೀರ ಗೂಡುವೋಗದ ಮುನ್ನ,
ಹಲ್ಲು ಹೋಗಿ, ಬೆನ್ನು ಬಾಗಿ, ಅನ್ಯರಿಗೆ ಹಂಗಾಗದ ಮುನ್ನ,
ಕಾಲ ಮೇಲೆ ಕೈಯನೂರಿ ಕೋಲ ಹಿಡಿಯದ ಮುನ್ನ,
ಮುಪ್ಪಿಂದೊಪ್ಪವಳಿಯದ ಮುನ್ನ, ಮೃತ್ಯು ಮುಟ್ಟದ ಮುನ್ನ,
ಪೂಜಿಸು ಕೂಡಲಸಂಗಮದೇವನ.

ಐದು ಸಲ ಬಂತು. ಮೊದಲ ಎರಡು ‘ಮುನ್ನ’ಗಳಿಗೆ ಸಾಕಷ್ಟು ಕಾಯಬೇಕಾಯಿತು. ಕೊನೆಯ ಎರಡು ಒಂದರ ಬೆನ್ನಿಗೆ ಒಂದು ಬಂದುಬಿಟ್ಟವು. ಇದು ಬರೀ ಭಾವನೆಯಲ್ಲ, ಎಣಿಸಿ ತೋರಿಸಬಹುದು. ಮಾತ್ರೆಯ ಲೆಕ್ಕ ಶಾಲೆಯಲ್ಲಿ ಕಲಿತದ್ದೇ: ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಸೊನ್ನೆಯಿರುವ ಅಕ್ಷರಕ್ಕೂ ಎರಡು. ‘ನೆರೆ ಕೆನ್ನೆಗೆ’ ಆರು ಮಾತ್ರೆ, ‘ತೆರೆ ಗಲ್ಲಕೆ’ ಆರು, ‘ಶರೀರ ಗೂಡುವೋಗದ’ ಹನ್ನೊಂದು. ಒಟ್ಟು 23 ಮಾತ್ರೆ ಕಳೆದ ಮೇಲೆ ಮೊದಲ ‘ಮುನ್ನ’. ಎರಡನೆಯ ಸಾಲಿನಲ್ಲೂ ಆರು, ಆರು, ಹನ್ನೊಂದು, ಮತ್ತೆ 23. ಮೂರನೆಯ ಸಾಲಿನಲ್ಲಿ 19ಕ್ಕೆ ಇಳಿಯಿತು. ‘ಮುಪ್ಪಿಂದೊಪ್ಪವಳಿಯದ’ ಎಂಬಲ್ಲಿ 11. ‘ಮೃತ್ಯು ಮುಟ್ಟದ’ ಎಂಬಲ್ಲಿ ಬರೀ 7. ಕೆಲವು ಪಾಠಗಳಲ್ಲಿ ‘ಗಲ್ಲಕ್ಕೆ’ ಎಂದಿದೆ. ಆಗ ಒಂದು ಮಾತ್ರೆ ಹೆಚ್ಚಾಗುತ್ತದೆ, ಇಳಿತ ಹಾಗೇ ಉಳಿಯುತ್ತದೆ.

23, 23, 19, 11, 7. ವಯಸ್ಸಾದವರು ‘ಈಚೆಗೆ ವರ್ಷಗಳು ಹೇಗೆ ಓಡುತ್ತವೆಯೋ ಗೊತ್ತೇ ಆಗುವುದಿಲ್ಲ’ ಎನ್ನುತ್ತಾರಲ್ಲ, ಅದೇ ಅನುಭವ ಇಲ್ಲಿ ಕಿವಿಗೆ ಆಗುತ್ತದೆ. ವಚನದಲ್ಲಿ ‘ಕಾಲ ಓಡುತ್ತಿದೆ’ ಎಂಬ ಮಾತೇ ಇಲ್ಲ. ಕಾಲ ಅದರ ಒಳಗೇ ಓಡುತ್ತಿದೆ. ವಚನಕ್ಕೆ ಕಟ್ಟುನಿಟ್ಟಾದ ಛಂದಸ್ಸಿನ ಹಂಗಿಲ್ಲ. ಆ ಸಡಿಲದಿಂದಲೇ ಇದು ಸಾಧ್ಯವಾಯಿತು.

ಈ ವಚನವನ್ನು ಗಟ್ಟಿಯಾಗಿ ಓದುವವರು, ಹಾಡುವವರು ಎಡವುವುದು ಒಂದೇ ಕಡೆ. ಪ್ರತಿ ‘ಮುನ್ನ’ವನ್ನೂ ಎಳೆದು ‘ಮುನ್ನಾ’ ಎಂದು ರಾಗ ಹಾಕುತ್ತಾರೆ, ಅದರ ಮೇಲೆ ಒಂದು ನಿಲುಗಡೆ ಕೊಡುತ್ತಾರೆ. ಐದೂ ಕಡೆ ಅದೇ ನಿಲುಗಡೆ ಬಿದ್ದರೆ ಅಂತರಗಳೆಲ್ಲ ಸಮವಾದಂತೆ ಕೇಳಿಸುತ್ತವೆ, ಹತ್ತಿರವಾಗುತ್ತ ಬಂದದ್ದು ಕಿವಿಗೆ ಸಿಗುವುದೇ ಇಲ್ಲ. ಹಾಗೆಂದು ಕೊನೆಯಲ್ಲಿ ಬೇಕೆಂದೇ ಅವಸರ ಮಾಡುವುದೂ ಬೇಡ. ಮೊದಲಿನಿಂದ ಕೊನೆಯವರೆಗೆ ಒಂದೇ ನಡೆಯಲ್ಲಿ ಓದಿ. ‘ಹಂಗಾಗದ ಮುನ್ನ’ ಆದ ಮೇಲೆ ಒಮ್ಮೆ ಉಸಿರು ತೆಗೆದುಕೊಳ್ಳಿ. ನಾಲ್ಕನೆಯ ಸಾಲನ್ನು ಮಾತ್ರ ನಡುವೆ ನಿಲ್ಲದೆ ಒಂದೇ ಉಸಿರಿಗೆ ಮುಗಿಸಿ. ಉಳಿದ ಕೆಲಸವನ್ನು ಆ ಮಾತುಗಳೇ ಮಾಡಿಕೊಳ್ಳುತ್ತವೆ.

ಇನ್ನು ಅರ್ಥ. ನೆರೆ ಎಂದರೆ ಬೆಳ್ಳಗಾದ ಕೂದಲು, ತೆರೆ ಎಂದರೆ ಸುಕ್ಕು, ಒಪ್ಪವಳಿಯುವುದು ಎಂದರೆ ಚೆಲುವು ಅಳಿಯುವುದು. ಗೂಡುವೋಗುವುದು ಎಂದರೆ ಮೈಯ ತುಂಬು ಇಳಿದು ಎಲುಬಿನ ಗೂಡಷ್ಟೇ ಉಳಿಯುವುದು. ಇವೆಲ್ಲ ಕನ್ನಡಿಯಲ್ಲಿ ಕಾಣುವಂಥವು. ಹಲ್ಲು ಹೋಗುವುದು, ಬೆನ್ನು ಬಾಗುವುದು ಕೂಡ ಮೈಯ ಸಂಗತಿಗಳೇ. ಅವುಗಳ ಬೆನ್ನಿಗೇ ‘ಅನ್ಯರಿಗೆ ಹಂಗಾಗದ ಮುನ್ನ’ ಎಂದು ಬರುತ್ತದೆ. ಹಂಗು ಮೈಯಲ್ಲಿ ಕಾಣುವುದಿಲ್ಲ. ಅದು ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಇನ್ನೊಬ್ಬರು ಎಬ್ಬಿಸಲಿ ಎಂದು ಕಾಯುವಾಗ ಗೊತ್ತಾಗುವಂಥದ್ದು. ಮುಪ್ಪಿನಲ್ಲಿ ನಿಜವಾಗಿ ನೋಯುವುದು ಯಾವುದು ಎಂಬುದನ್ನು ಪಟ್ಟಿಯ ನಡುವೆ, ಸದ್ದಿಲ್ಲದೆ ಇಟ್ಟಿದ್ದಾರೆ. ಆಮೇಲೆ ‘ಕಾಲ ಮೇಲೆ ಕೈಯನೂರಿ’. ನೆಲದ ಮೇಲೆ ಕೂತ ಮುದುಕರು ಏಳುವುದನ್ನು ನೆನಪಿಸಿಕೊಳ್ಳಿ. ಅಂಗೈ ಮೊಣಕಾಲಿನ ಮೇಲೆ ಹೋಗುತ್ತದೆ, ತೋಳು ನಡುಗುತ್ತದೆ, ಒಂದು ಕ್ಷಣ ಅಲ್ಲೇ ತಡೆದು ಆಮೇಲೆ ಮೈ ಮೇಲೇಳುತ್ತದೆ. ಆರಾರು ಮಾತ್ರೆಯ ಎರಡು ತುಂಡು ಸೇರಿ ಆ ಏಳುವಿಕೆಯನ್ನು ಕಣ್ಣಿಗೆ ಕಟ್ಟುತ್ತವೆ.

ಬಸವಣ್ಣನವರದು ‘ಮುನ್ನ’ದ ಕವಿತೆ, ಆಗುವುದಕ್ಕೆ ಮೊದಲೇ ಎಚ್ಚರಿಸುವಂಥದ್ದು. ಆಗುತ್ತಿರುವ ಕ್ಷಣವನ್ನೇ ಹಿಡಿಯುವ ಕವಿತೆ ಬೇಕೆಂದರೆ ಇನ್ನೂ ಹಿಂದಕ್ಕೆ, 941ರಲ್ಲಿ ಪಂಪ ಬರೆದ ಆದಿಪುರಾಣಕ್ಕೆ ಹೋಗಬೇಕು. ಅದು ತೀರ್ಥಂಕರನ ಕತೆ ಎಂದುಕೊಂಡು ಪಕ್ಕಕ್ಕಿಡುವವರಿದ್ದಾರೆ. ಹಾಗೆ ಮಾಡಿದವರು ಕನ್ನಡದ ದೊಡ್ಡ ಪ್ರೇಮಕತೆಯೊಂದನ್ನು ಕಳೆದುಕೊಳ್ಳುತ್ತಾರೆ.

ಲಲಿತಾಂಗ ಒಬ್ಬ ದೇವ. ಅವನ ಆಯುಷ್ಯದ ಕೊನೆಕೊನೆಗೆ ಸಿಕ್ಕ ಒಲವು ಸ್ವಯಂಪ್ರಭೆ. ದೇವತೆಗಳಿಗೆ ನೆರೆಯೂ ಇಲ್ಲ, ತೆರೆಯೂ ಇಲ್ಲ. ಹಾಗಾದರೆ ಅವರ ಮುಪ್ಪನ್ನು ಹೇಳುವುದು ಹೇಗೆ? ಪುರಾಣ ಅದನ್ನು ಕೊರಳ ಮಾಲೆಗೆ ದಾಟಿಸುತ್ತದೆ. ಎಂದೂ ಬಾಡದ ಮಾಲೆ, ಆಯುಷ್ಯ ಆರು ತಿಂಗಳಿದೆ ಎನ್ನುವಾಗ ಬಾಡತೊಡಗುತ್ತದೆ. ಮುಖ ಇನ್ನೂ ಎಳೆಯದು, ಎದೆಯ ಮೇಲಿನ ಹೂವು ಮಾತ್ರ ಮುದಿಯಾಯಿತು. ಅವನು ಹೋದ ಮೇಲೆ ಅವಳೂ ಹೋಗುತ್ತಾಳೆ. ಮುಂದಿನ ಜನ್ಮದಲ್ಲಿ ಅವನು ವಜ್ರಜಂಘ, ಅವಳು ಶ್ರೀಮತಿ. ಶ್ರೀಮತಿಗೆ ಹಿಂದಿನದೆಲ್ಲ ನೆನಪಾಗುತ್ತದೆ. ತಾವಿಬ್ಬರೂ ಬಾಳಿದ ಬಗೆಯನ್ನು ಪಟದಲ್ಲಿ ಬರೆಯುತ್ತಾಳೆ. ದಾದಿ ಪಂಡಿತೆ ಆ ಪಟವನ್ನು ಜಿನಾಲಯದಲ್ಲಿ ಹರವಿ ಕೂರುತ್ತಾಳೆ. ವಜ್ರಜಂಘ ಅದನ್ನು ನೋಡಿ ಗುರುತು ಹಿಡಿಯುತ್ತಾನೆ. ಮದುವೆಯಾಗುತ್ತದೆ, ಸುಖವಾಗಿ ಬಾಳುತ್ತಾರೆ.

ಆಮೇಲೆ ಒಂದು ರಾತ್ರಿ ಮಲಗುವ ಮನೆಯಲ್ಲಿ ಕಂಪಿಗೆಂದು ಧೂಪ ಹಾಕಿದ್ದಾರೆ. ಕಿಟಕಿ ತೆರೆದಿಡಬೇಕಾದವರು ಮರೆತಿದ್ದಾರೆ. ಹಗೆಯಿಲ್ಲ, ಯುದ್ಧವಿಲ್ಲ, ಶಾಪವೂ ಇಲ್ಲ. ಮುಚ್ಚಿದ ಒಂದು ಕಿಟಕಿ, ಅಷ್ಟೇ. ಆಗ ಪಂಪ ಕಂದವೆಂಬ ಛಂದಸ್ಸಿನ ಈ ಪದ್ಯ ಹೇಳುತ್ತಾನೆ:

ಬಿಡದೆ ಪೊಗೆ ಸುತ್ತೆ ತೋಳಂ
ಸಡಿಲಿಸದಾ ಪ್ರಾಣವಲ್ಲಭರ್ ಪ್ರಾಣಮನಂ
ದೊಡಗಳೆದರೋಪರೋಪರೊ
ಳೊಡಸಾಯಲ್ ಪಡೆದರಿನ್ನವುಂ ಸೈಪೊಳವೇ

ಹೊಗೆ ಬಿಡದೆ ಸುತ್ತಿಕೊಂಡಿತು. ಅಪ್ಪಿದ ತೋಳನ್ನು ಸಡಿಲಿಸದೆ ಆ ಪ್ರಾಣಪ್ರಿಯರು ಒಟ್ಟಿಗೇ ಪ್ರಾಣ ಬಿಟ್ಟರು. ಒಲಿದವರು ಒಲಿದವರ ಜೊತೆಯಲ್ಲೇ ಸಾಯುವುದಕ್ಕೆ ಪಡೆದುಬಂದರು, ಇದಕ್ಕಿಂತ ಪುಣ್ಯ ಬೇರೆ ಉಂಟೇ? ಓಪರ್ ಎಂದರೆ ಒಲಿದವರು, ಸೈಪು ಎಂದರೆ ಪುಣ್ಯ.

ಇಲ್ಲಿ ಸಾಲುಗಳ ತುದಿಗಳನ್ನು ನೋಡಬೇಕು. ‘ತೋಳಂ’ ಒಂದು ಸಾಲಿನಲ್ಲಿದೆ, ‘ಸಡಿಲಿಸದೆ’ ಮುಂದಿನದರಲ್ಲಿ. ‘ಅಂದು’ ಎಂಬ ಚಿಕ್ಕ ಪದವೂ ಅರ್ಧ ಈಚೆ, ಅರ್ಧ ಆಚೆ. ‘ಓಪರೊಳ್’ ಕೂಡ ಹಾಗೇ, ಸಾಲು ದಾಟಿ ‘ಒಡಸಾಯಲ್’ ಜೊತೆ ಹೆಣೆದುಕೊಂಡಿದೆ. ಪದ ಸಾಲಿನಿಂದ ಸಾಲಿಗೆ ಹರಿಯುವುದು ಕಂದದಲ್ಲಿ ಸಾಮಾನ್ಯ, ನಿಜ. ಈ ಪದ್ಯದಲ್ಲಿ ಅದು ಅರ್ಥಕ್ಕೂ ದುಡಿಯುತ್ತಿದೆ. ಮೂರು ಸಾಲಿನ ತುದಿಯಲ್ಲೂ ಮಾತು ಮಾತಿನ ಕೈಬಿಡುವುದಿಲ್ಲ. ಅಚ್ಚಿನಲ್ಲಿ ಕಂಡಂತೆ ಪ್ರತಿ ಸಾಲಿನ ಕೊನೆಗೆ ನಿಲ್ಲಿಸಿ ಓದಿದರೆ ಪದ ಮುರಿಯುತ್ತದೆ, ಅಪ್ಪುಗೆಯೂ ಬಿಟ್ಟುಹೋಗುತ್ತದೆ. ಮೊದಲ ನಿಲುಗಡೆ ‘ಒಡಗಳೆದರ್’ ಆದ ಮೇಲೆ ಮಾತ್ರ. ಎರಡನೆಯದು ‘ಪಡೆದರ್’ ಆದ ಮೇಲೆ. ‘ಇನ್ನವುಂ ಸೈಪೊಳವೇ’ ಎಂಬುದನ್ನು ದನಿಯೇರಿಸದೆ ಕೇಳಬೇಕು. ವೈರಾಗ್ಯವೇ ಗುರಿಯಾದ ಕಾವ್ಯದಲ್ಲಿ ಕವಿ ಈ ಪ್ರೇಮಿಗಳಿಗೆ ಉಪದೇಶ ಮಾಡಲಿಲ್ಲ, ಅವರನ್ನು ಹರಸಿದ.

ವಜ್ರಜಂಘನ ಅದೇ ಜೀವ ಹಲವು ಜನ್ಮ ದಾಟಿ ಮೊದಲ ತೀರ್ಥಂಕರ ಆದಿದೇವನಾಗುತ್ತದೆ. ಅವನ ಸಭೆಗೆ ಇಂದ್ರ ನೀಲಾಂಜನೆಯೆಂಬ ನರ್ತಕಿಯನ್ನು ಕರೆತರುತ್ತಾನೆ. ಅವಳ ಆಯುಷ್ಯ ಮುಗಿಯುತ್ತ ಬಂದಿದೆ, ಅದು ಇಂದ್ರನಿಗೆ ಗೊತ್ತು. ಕುಣಿಯುತ್ತಿದ್ದಂತೆಯೇ ಅವಳು ಮಿಂಚಿನ ಹಾಗೆ ಇಲ್ಲವಾಗುತ್ತಾಳೆ. ರಸಭಂಗವಾಗದಿರಲಿ ಎಂದು ಇಂದ್ರ ಅದೇ ಗಳಿಗೆಯಲ್ಲಿ ಅವಳಂಥವಳೇ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ಒಬ್ಬನಿಗೆ ತಿಳಿಯುತ್ತದೆ:

ನಾರೀರೂಪದ ಯಂತ್ರಂ
ಚಾರುತರಂ ನೋಡೆ ನೋಡೆ ಕರಗಿದುದು

ಹೆಣ್ಣಿನ ರೂಪದ ಆ ಚೆಲುವಾದ ಯಂತ್ರ ನೋಡನೋಡುತ್ತಿದ್ದಂತೆ ಕರಗಿಹೋಯಿತು. ಪದ್ಯ ಇನ್ನೂ ಮುಂದುವರಿಯುತ್ತದೆ, ನಮಗೆ ಇಷ್ಟು ಸಾಕು. ಕಂದದಲ್ಲಿ ನಾಲ್ಕು ನಾಲ್ಕು ಮಾತ್ರೆಯ ಗಣಗಳು, ಅಂದರೆ ಗುಂಪುಗಳು. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಪದ್ಯದ ಅರ್ಧಕ್ಕೆ ಎಂಟು. ಅವುಗಳಲ್ಲಿ ಆರನೆಯದು ಜಗಣವಾಗಿರಬೇಕು, ಅಂದರೆ ಲಘು, ಗುರು, ಲಘು. ಇಲ್ಲವೇ ನಾಲ್ಕೂ ಲಘುವಾಗಿರಬೇಕು. ತೊಡೆಯ ಮೇಲೆ ತಾಳ ಹಾಕಿಕೊಂಡು ನೋಡಿ: ಮೊದಲ ಸಾಲಿಗೆ ಮೂರು ಗಣ ಮುಗಿದವು, ಎರಡನೆಯದರಲ್ಲಿ ಚಾರುತ, ರಂನೋ, ಡೆನೋಡೆ, ಕರಗಿದು. ಆರನೆಯ ಗಣ ಬಿದ್ದದ್ದು ‘ಡೆನೋಡೆ’ಯ ಮೇಲೆ. ಸಮನಾಗಿ ಸಾಗುತ್ತಿದ್ದ ಲಯ, ನಡುವೆ ಗುರು ಬಂದು, ಒಂದು ಕ್ಷಣ ತಡವರಿಸುತ್ತದೆ. ಅದರ ಹಿಂದೆಯೇ ‘ಕರಗಿದು’ ಎಂಬ ನಾಲ್ಕು ಬರೀ ಲಘುಗಳು ಜಾರಿಹೋಗುತ್ತವೆ. ಕಣ್ಣು ತಡೆಯಿತು, ನೋಡುತ್ತಿದ್ದದ್ದು ಕರಗಿತು. ಈ ಸಾಲನ್ನು ಓದುವಾಗ ಎರಡು ‘ನೋಡೆ’ಗಳ ನಡುವೆ ಬಿಡುವು ಕೊಡಬಾರದು, ಕೊಟ್ಟರೆ ಆ ತಡವರಿಕೆ ಕೇಳಿಸುವುದಿಲ್ಲ. ಬೇಂದ್ರೆಯವರ ಹಕ್ಕಿ ‘ಎವೆ ತೆರೆದಿಕ್ಕುವ ಹೊತ್ತಿನ ಒಳಗೆ’ ಹಾರಿದ್ದೂ ಇಷ್ಟೇ ಕಿರಿದಾದ ಜಾಗದಲ್ಲಿ.

ಮುಪ್ಪಿನ ಬಗ್ಗೆ, ದೂರವಾದವರ ಬಗ್ಗೆ ಇವತ್ತು ಬರೆಯುತ್ತಿರುವವರಿಗೆ ಎರಡು ಮಾತು. ‘ಬಾಳ ಮುಸ್ಸಂಜೆ’, ‘ಕಾಲಚಕ್ರ’ ಎಂಬ ಮಾತುಗಳು ಬಂದ ಕಡೆ ಪೆನ್ನು ನಿಲ್ಲಿಸಿ. ಅವು ತಪ್ಪಲ್ಲ, ಸವೆದಿವೆ. ಕೇಳಿದವರಿಗೆ ಏನೂ ಕಾಣಿಸುವುದಿಲ್ಲ. ಅದರ ಬದಲು ಮೈಯ ಒಂದು ಚಲನೆಯನ್ನೇ ಬರೆಯಿರಿ: ಸೂಜಿಗೆ ದಾರ ಪೋಣಿಸುವಾಗ ಕೈಯನ್ನು ದೂರ ಹಿಡಿಯುವುದು, ಮೆಟ್ಟಿಲಲ್ಲಿ ಎರಡೂ ಪಾದ ಕೂಡಿಸಿ ನಿಲ್ಲುವುದು. ಹತ್ತು ಗುರುತು ಪಟ್ಟಿ ಮಾಡಿ ಐದನ್ನು ಹೊಡೆದುಹಾಕಿ. ಉಳಿದ ಐದರಲ್ಲಿ ಒಂದಾದರೂ ಮೈಯದ್ದಲ್ಲದೆ, ಹಂಗಿನ ಹಾಗೆ ಇಬ್ಬರ ನಡುವಿನದ್ದಾಗಿರಲಿ. ಪ್ರೀತಿ ಹೋದದ್ದನ್ನು ಬರೆಯುವಾಗ ಮುಖ, ಕಣ್ಣು, ನಗು ಇವುಗಳ ವರ್ಣನೆಗೆ ಕೈಹಾಕಿದರೆ ಎಲ್ಲರ ಪ್ರೀತಿಯೂ ಒಂದೇ ಆಗಿಬಿಡುತ್ತದೆ. ಯಾವ ಕಿಟಕಿ ಮುಚ್ಚಿತ್ತು, ಯಾವ ಮಾಲೆ ಬಾಡಿತ್ತು ಎಂದು ಬರೆದಾಗ ಅದು ಇಂಥವರದೇ ಆಗುತ್ತದೆ. ಬರೆದ ಮೇಲೆ ಗಟ್ಟಿಯಾಗಿ ಓದಿ, ಮಾತ್ರೆ ಎಣಿಸಿ. ಪದೇ ಪದೇ ಬರುವ ಮಾತೊಂದಿದ್ದರೆ ಅದರ ನಡುವಿನ ಅಂತರ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ ನೋಡಿಕೊಳ್ಳಿ. ಎಲ್ಲ ಕಡೆ ಒಂದೇ ಇದ್ದರೆ ಕವಿತೆಯಲ್ಲಿ ಹೊತ್ತು ಸರಿದಿಲ್ಲ.

ಶ್ರೀಮತಿಯ ಕತೆ ಆ ಹೊಗೆಯಲ್ಲಿ ಮುಗಿಯಲಿಲ್ಲ. ಆದಿದೇವ ರಾಜ್ಯ ಬಿಟ್ಟ. ಉಪವಾಸದ ವ್ರತ ಮುಗಿಸಿ ಆಹಾರಕ್ಕೆ ಹೊರಟರೆ, ಮುನಿಗೆ ಹೇಗೆ ಉಣಬಡಿಸಬೇಕೆಂದು ಯಾರಿಗೂ ಗೊತ್ತಿಲ್ಲ. ಜನ ಒಡವೆ ತಂದರು, ಆನೆ ಕುದುರೆ ತಂದರು. ಅವನು ಏನನ್ನೂ ಮುಟ್ಟದೆ ನಡೆದ. ಹಸ್ತಿನಾಪುರಕ್ಕೆ ಬಂದಾಗ ಶ್ರೇಯಾಂಸನೆಂಬ ರಾಜಕುಮಾರ ಅವನನ್ನು ಕಂಡ. ಕಂಡದ್ದೇ ಹಿಂದಿನ ಜನ್ಮ ನೆನಪಿಗೆ ಬಂತು. ಎಷ್ಟೋ ಜನ್ಮಗಳ ಹಿಂದೆ ಆ ಶ್ರೇಯಾಂಸನೇ ಶ್ರೀಮತಿ. ಕಾಡಿನಲ್ಲಿ ಗಂಡನ ಜೊತೆ ನಿಂತು ಮುನಿಗಳಿಗೆ ಆಹಾರ ಕೊಟ್ಟ ಬಗೆ ನೆನಪಾಯಿತು. ಎದುರಿಗಿದ್ದವನು ನಿಂತಲ್ಲೇ ಎರಡೂ ಅಂಗೈ ಜೋಡಿಸಿ ಹಿಡಿದ. ಶ್ರೇಯಾಂಸ ಆ ಬೊಗಸೆಗೆ ಕಬ್ಬಿನ ಹಾಲು ಎರೆದ.

ನಮಸ್ಕಾರ.