ಹುಣ್ಣು ಗಲ್ಲದಾಗ, ಕೊಯ್ದದ್ದು ಕುತ್ತಿಗಿ

ಎಲ್ಲರಿಗೂ ಶರಣು.

ನಮ್ಮ ಕಾಕಾ ಶಹಾಬಾದ್ ಕಡೆ ಫರಸಿ ಕಲ್ಲಿನ ಖಣಿಯಲ್ಲಿ ಮೂವತ್ತು ವರ್ಷ ದುಡಿದವರು. ಅಂಗೈಯಲ್ಲಿ ತಂಬಾಕು, ಮೇಲೆ ಚಿಟಿಕೆ ಸುಣ್ಣ, ಹೆಬ್ಬೆರಳಿನಿಂದ ತಿಕ್ಕಿ ಎಡಗಲ್ಲದೊಳಗೆ ಇಟ್ಟುಕೊಳ್ಳುತ್ತಿದ್ದರು. ಹುಣ್ಣಾದದ್ದೂ ಅಲ್ಲೇ. ಒಬ್ಬ ಡಾಕ್ಟರು ‘ಗರಮ್ ಆಗ್ಯದ’ ಅಂತ ಆರು ತಿಂಗಳು ಬಿ-ಕಾಂಪ್ಲೆಕ್ಸ್ ಗುಳಿಗೆ ನುಂಗಿಸಿದರು. ಆಮೇಲೆ ಅದು ಬಾಯಿ ಕ್ಯಾನ್ಸರ್ ಅಂತ ಗೊತ್ತಾಗಿ ಆಪರೇಷನ್ನೇ ಆಯಿತು. ಹೊಲಿಗೆ ಬಿಚ್ಚಿದ ದಿನ ಕಾಕಾ ನನ್ನನ್ನು ಕೇಳಿದರು: “ತಮ್ಮಾ, ಹುಣ್ಣು ಗಲ್ಲದಾಗಿತ್ತು, ಕುತ್ತಿಗಿ ಯಾಕ ಕೊಯ್ದಾರ?” ಜೀವಶಾಸ್ತ್ರ ಕಲಿಸುವವನು ನಾನು. ‘ಮುಂಜಾಗ್ರತೆಗೆ’ ಅಂತ ಏನೋ ಒಂದು ಹೇಳಿ ಜಾರಿಕೊಂಡೆ. ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದವರು ಇಲ್ಲಿ ಬಹಳ ಮಂದಿ ಇದ್ದೀರಿ. ಕೂಳೆ ಹಿಮ್ಮಡಿಗೆ ಚುಚ್ಚುತ್ತದೆ. ಮರುದಿನ ಬೆಳಿಗ್ಗೆ ಆ ಜಾಗ ಕೆಂಪಗೆ, ಬೆಚ್ಚಗೆ, ಮುಟ್ಟಿದರೆ ಜೀವ ಹೋಗುವ ಹಾಗೆ. ಇದೇ ಉರಿಯೂತ. ಮೂರನೇ ದಿನ ಕೀವು. ಕೀವು ಅಂದರೆ ಹೊಲಸು ಅಂತ ಮೂಗು ಮುರಿಯಬೇಡಿ, ಅದರ ಬಹುಪಾಲು ನಿಮಗಾಗಿ ಬಡಿದಾಡಿ ಸತ್ತ ಬಿಳಿರಕ್ತಕಣಗಳು. ಅವು ಹಿಮ್ಮಡಿಗೇ ಹೇಗೆ ಬಂದವು? ಮೊಣಕಾಲಿಗೆ ಯಾಕೆ ಹೋಗಲಿಲ್ಲ?

ಪೆಟ್ಟು ತಿಂದ ಜಾಗದ ಕೋಶಗಳು ಪುಟ್ಟ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವೇ ಕೀಮೋಕೈನುಗಳು. ಅಪ್ಪನ ಜಾತ್ರೆಯಲ್ಲಿ ಮಿರ್ಚಿ ಭಜಿ ಅಂಗಡಿ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ, ವಾಸನೆ ಗಾಢವಾಗುತ್ತಾ ಹೋದ ಕಡೆಗೆ ಕಾಲು ತಾನೇ ನಡೆಯುತ್ತದೆ. ಬಿಳಿಕಣವೂ ಹಾಗೆಯೇ ನಡೆಯುತ್ತದೆ. ಆದರೆ ರಕ್ತ ಹರಿಯುವ ನೀರಿದ್ದ ಹಾಗೆ, ಅದರಲ್ಲಿ ವಾಸನೆ ನಿಲ್ಲುವುದು ಹೇಗೆ? ರಕ್ತನಾಳದ ಒಳಗೋಡೆಯ ಮೇಲಿನ ಸಕ್ಕರೆ ಎಳೆಗಳು ಕೀಮೋಕೈನನ್ನು ಅಂಟಿಸಿ ಹಿಡಿದಿರುತ್ತವೆ. ಬಿಳಿಕಣ ಆ ಗೋಡೆಗೆ ಉರುಳುತ್ತಾ ಬಂದು, ಕೀಮೋಕೈನ್ ತಗುಲಿದ್ದೇ ಗಟ್ಟಿಯಾಗಿ ಕಚ್ಚಿ ನಿಂತು, ನಾಳದ ಸಂದಿಯಿಂದ ನುಸುಳಿ ಹೊರಗೆ ಇಳಿಯುತ್ತದೆ. ಓಡುವ ಬಸ್ಸಿನ ಬಾಗಿಲ ಸರಳು ಹಿಡಿದು ಸರಿಯಾದ ಸ್ಟಾಪಿಗೆ ಇಳಿಯುವವರ ಹಾಗೆ. ಕೀಮೋಕೈನುಗಳಲ್ಲಿ ಪ್ರಸಿದ್ಧವಾದ ಇಂಟರ್‌ಲ್ಯೂಕಿನ್-8 ಪತ್ತೆಯಾದದ್ದು 1987ರಲ್ಲಿ. ಈಗ ಸುಮಾರು 50 ಗೊತ್ತಿವೆ. ಕೋಶದ ಮೈಮೇಲಿದ್ದು ಅವನ್ನು ಗುರುತಿಸುವ ಗ್ರಾಹಕಗಳು, ಅಂದರೆ ರಿಸೆಪ್ಟರುಗಳು, ಸುಮಾರು 20. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಬಾಗಿಲು ಇದ್ದ ಮೇಲೆ ಕಳ್ಳನೂ ಬರುತ್ತಾನೆ. ನಮ್ಮ ಕೆಂಪುರಕ್ತಕಣದ ಮೇಲೆ ಡಫಿ ಎಂಬ ಪ್ರೋಟೀನ್ ಇದೆ. ಹೆಚ್ಚಾದ ಕೀಮೋಕೈನನ್ನು ಹೀರಿಕೊಳ್ಳುವುದು ಅದರ ಕೆಲಸ. ವೈವ್ಯಾಕ್ಸ್ ಮಲೇರಿಯಾದ ಪರೋಪಜೀವಿ ಅದನ್ನೇ ಹಿಡಿದು ಒಳಗೆ ನುಗ್ಗುತ್ತದೆ. ಪಶ್ಚಿಮ ಆಫ್ರಿಕಾದ ಬಹುತೇಕ ಜನರ ಕೆಂಪುಕಣದ ಮೇಲೆ ಡಫಿಯೇ ಇಲ್ಲ, ಆ ಕಡೆ ವೈವ್ಯಾಕ್ಸ್ ಅಪರೂಪ. ಎಚ್‌ಐವಿಯದೂ ಇದೇ ಚಾಳಿ. ಅದು ಸಿಸಿಆರ್5 ಎಂಬ ಗ್ರಾಹಕದ ಮೂಲಕ ಕೋಶದೊಳಗೆ ಹೋಗುತ್ತದೆ ಅಂತ 1996ರಲ್ಲಿ ಗೊತ್ತಾಯಿತು. ರಕ್ತದ ಕ್ಯಾನ್ಸರೂ ಎಚ್‌ಐವಿಯೂ ಇದ್ದ ತಿಮೊಥಿ ರೇ ಬ್ರೌನ್ ಅವರಿಗೆ 2007ರಲ್ಲಿ ಬರ್ಲಿನ್‌ನಲ್ಲಿ, ಹುಟ್ಟಿನಿಂದಲೇ ಸಿಸಿಆರ್5 ಕೆಟ್ಟಿದ್ದ ದಾನಿಯ ಕಾಂಡಕೋಶ, ಅಂದರೆ ರಕ್ತಕಣ ಹುಟ್ಟಿಸುವ ಕೋಶ, ಹಾಕಿದರು. ಎಚ್‌ಐವಿ ಮತ್ತೆ ತಲೆ ಎತ್ತಲಿಲ್ಲ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಮಾತ್ರ ಉಣ್ಣಿ. ನಾಯಿಯ ಕಿವಿಯೊಳಗೆ ಹುಣಸೆಬೀಜದಷ್ಟು ಉಬ್ಬಿ ಕೂತಿರುತ್ತದಲ್ಲ, ಅದೇ. ದಿನಗಟ್ಟಲೆ ಚರ್ಮ ಕೊರೆದು ಕೂತರೂ ಅಲ್ಲಿ ಕೂಳೆ ಚುಚ್ಚಿದಂತೆ ಬಾವು ಯಾಕೆ ಬರುವುದಿಲ್ಲ? ಅದರ ಜೊಲ್ಲಿನಲ್ಲಿ ಎವೇಸಿನ್ ಎಂಬ ಪ್ರೋಟೀನುಗಳಿವೆ. ಕೀಮೋಕೈನು ಹೊರಬಿದ್ದ ಹಾಗೆ ಹಿಡಿದು ಕಟ್ಟಿಹಾಕುತ್ತವೆ. ಕೂಗು ಗಂಟಲಲ್ಲೇ ಸಿಕ್ಕಿಬೀಳುತ್ತದೆ.

ಈಗ ಕಾಕಾನ ಗಲ್ಲಕ್ಕೆ ಬರೋಣ. ಕೂಳೆಯ ಗಾಯ ವಾರದಲ್ಲಿ ಮಾಯುತ್ತದೆ, ಬಿಳಿಕಣಗಳನ್ನು ಕೂಗುವ ಕೀಮೋಕೈನಿನ ಕರೆಯೂ ನಿಲ್ಲುತ್ತದೆ. ತಂಬಾಕು ಮಾತ್ರ ದಿನಕ್ಕೆ ಹತ್ತು ಸಲ ಅದೇ ಜಾಗವನ್ನು ಕೆದಕುತ್ತದೆ. ಅತ್ತ ಕೋಶದ ಡಿಎನ್‌ಎ ಕೆಡುತ್ತದೆ, ಇತ್ತ ಕರೆ ನಿಲ್ಲುವುದೇ ಇಲ್ಲ. ಗೆಡ್ಡೆಯೊಳಗೆ ಬಿಳಿಕಣಗಳು ಸೇರಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೋ 1863ರಲ್ಲೇ ಕಂಡಿದ್ದರು. ಅವೆಲ್ಲ ಕ್ಯಾನ್ಸರನ್ನು ಕೊಲ್ಲಲು ಬಂದವಲ್ಲ. ಸಿಸಿಎಲ್2 ಎಂಬ ಕೀಮೋಕೈನಿನ ಕರೆಗೆ ಬರುವ ಮೊನೊಸೈಟ್ ಎಂಬ ಬಿಳಿಕಣಗಳು ಗೆಡ್ಡೆಯ ಮನೆಯಾಳಾಗಿ ಬಿಡುತ್ತವೆ: ಹೊಸ ರಕ್ತನಾಳ ಕಟ್ಟಿಕೊಡುತ್ತವೆ, ಕ್ಯಾನ್ಸರನ್ನು ಕೊಲ್ಲಬಲ್ಲ ಟಿ-ಕೋಶ ಎಂಬ ಬಿಳಿಕಣಗಳನ್ನು ತಡೆಯುತ್ತವೆ. ಸಿಎಕ್ಸ್‌ಸಿಎಲ್9, ಸಿಎಕ್ಸ್‌ಸಿಎಲ್10 ಎಂಬ ಕೀಮೋಕೈನುಗಳು ಕರೆದರೆ ಆ ಟಿ-ಕೋಶಗಳೇ ಬರುತ್ತವೆ. ಅಂದರೆ ಯಾವ ಕರೆ ಜೋರಾಗಿದೆ ಅನ್ನುವುದರ ಮೇಲೆ ರೋಗಿಯ ಗತಿ.

ಇನ್ನು ಕುತ್ತಿಗೆ. ಟಿ-ಕೋಶಗಳು ದುಗ್ಧಗ್ರಂಥಿಗೆ, ಅಂದರೆ ಬಿಳಿಕಣಗಳು ಬೀಡುಬಿಡುವ ಪುಟ್ಟ ಗಂಟಿಗೆ, ದಾರಿ ಹಿಡಿಯುವುದು ಸಿಸಿಆರ್7 ಎಂಬ ಗ್ರಾಹಕದಿಂದ, ಅವನ್ನು ಕರೆಯುವ ಕೀಮೋಕೈನು ಗ್ರಂಥಿಯಲ್ಲೇ ಇರುತ್ತದೆ. ಬಾಯಿ ಕ್ಯಾನ್ಸರಿನ ಕೆಲವು ಕೋಶಗಳು ಇದೇ ಗ್ರಾಹಕವನ್ನು ತೊಟ್ಟುಕೊಳ್ಳುತ್ತವೆ. ಗಲ್ಲದ ದುಗ್ಧರಸ ಹರಿಯುವುದು ಕುತ್ತಿಗೆಯ ಗ್ರಂಥಿಗೆ. ಹಾದಿ ಮೊದಲೇ ಇದೆ, ಕರೆಯೂ ಇದೆ. ಅದಕ್ಕೇ ಕುತ್ತಿಗೆ ಕೊಯ್ದು ಆ ಗ್ರಂಥಿಗಳನ್ನು ತೆಗೆಯುವುದು. ಸ್ತನದ ಕ್ಯಾನ್ಸರ್ ಮೂಳೆಮಜ್ಜೆ, ಪುಪ್ಪುಸಗಳನ್ನೇ ಹುಡುಕಿಕೊಂಡು ಹೋಗುವುದರ ಹಿಂದೆ ಸಿಎಕ್ಸ್‌ಸಿಆರ್4 ಎಂಬ ಗ್ರಾಹಕ ಇದೆ ಅಂತ 2001ರಲ್ಲಿ ತೋರಿಸಿದ್ದೂ ಇದೇ ಜಾಡಿನ ಸಂಗತಿ.

ಹಾಗಾದರೆ ಕರೆಗೇ ಬೀಗ ಹಾಕಬಾರದೇ? ಹಾಕಿ ನೋಡಿದ್ದಾರೆ. ಗ್ರಾಹಕವನ್ನು ಮುಚ್ಚುವ ಔಷಧಗಳಿವೆ: ಎಚ್‌ಐವಿಗೆ ಮರಾವಿರಾಕ್ 2007ರಲ್ಲಿ ಬಂತು, ಒಂದು ಬಗೆಯ ಟಿ-ಕೋಶ ಕ್ಯಾನ್ಸರಿಗೆ ಮೊಗಾಮುಲಿಜುಮಾಬ್ 2012ರಲ್ಲಿ ಜಪಾನಿನಲ್ಲಿ ಬಂತು. ಗೆದ್ದವು ಕಡಿಮೆ, ಸೋತವೇ ಹೆಚ್ಚು. ಆಗ ಹೇಳಿದ 50 ಮತ್ತು 20ರ ಲೆಕ್ಕ ಇಲ್ಲಿ ಅಡ್ಡ ಬರುತ್ತದೆ. ಒಂದು ಗ್ರಾಹಕಕ್ಕೆ ನಾಲ್ಕಾರು ಕೀಮೋಕೈನು, ಒಂದು ಕೀಮೋಕೈನಿಗೆ ಎರಡು ಮೂರು ಗ್ರಾಹಕ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ.

ಇಷ್ಟನ್ನೂ ಹೋದ ವಾರ ಊರಿಗೆ ಹೋಗಿ ಕಾಕಾಗೆ ಹೇಳಿದೆ. ಅವರು ಚಹಾದಂಗಡಿ ಕಟ್ಟೆಯ ಮೇಲಿದ್ದರು. ಎಲ್ಲ ಕೇಳಿ “ಹ್ಞೂಂ” ಅಂದರು. ಆಮೇಲೆ ಪಕ್ಕದಲ್ಲಿ ಗುಟ್ಕಾ ಪಾಕೀಟು ಹರಿಯುತ್ತಿದ್ದ ಹುಡುಗನ ಕಡೆ ತಿರುಗಿ, “ಬಾಯಿ ತೆಗಿ, ಮೂರು ಬೆರಳು ಒಂದರ ಮ್ಯಾಲ ಒಂದು ಇಟ್ಟು ಒಳಗ ಹಾಕು ನೋಡಮಿ” ಅಂದರು. ಅಡಿಕೆಯಿಂದ ಗಲ್ಲದ ಒಳಪದರ ಬಿಗಿದು ಬಾಯಿ ಸಣ್ಣದಾಗುತ್ತಾ ಹೋಗುತ್ತದೆ, ಅದಕ್ಕೆ ಈ ಅಳತೆ. ಹುಡುಗ ನಗುತ್ತಲೇ ಹಾಕಿದ. ಎರಡೇ ಹೋದವು.

ಈಗ ಪ್ರಶ್ನೆ ಇದ್ದರೆ ಕೇಳ್ರಿ.